‘ಮತ್ತು ತಂಡದವರು’: ಅವರಿಗೂ ಹೆಸರುಗಳಿವೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಗಣೇಶೋತ್ಸವ ಮುಗಿಯುತ್ತಿದ್ದಂತೆ ತಮ್ಮ ಪತ್ರಿಕೆಯ ಮಂಡ್ಯ ಮತ್ತು ಮೈಸೂರು ಪುಟಗಳಲ್ಲಿ ವಾದ್ಯಗೋಷ್ಠಿಗಳ ವರದಿ ಸಾಲುಗಟ್ಟುತ್ತದೆ. ಈ ಸಲವೂ ತಪ್ಪದೆ ಓದಿದೆ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು, ವೇದಿಕೆಯಲ್ಲಿ ಸುಮ್ಮನೆ ಕುಳಿತಿದ್ದವರು, ಎಲ್ಲರ ಹೆಸರೂ ಇನಿಷಿಯಲ್ ಸಮೇತ ಇತ್ತು. ಕೊನೆಯ ಸಾಲಿನಲ್ಲಿ ಗಾಯಕರೊಬ್ಬರ ಹೆಸರು ಬಂದು, ಅವರು ‘ಮತ್ತು ತಂಡದವರು’ ಸುಶ್ರಾವ್ಯ ಗೀತೆಗಳಿಂದ ಜನರನ್ನು ರಂಜಿಸಿದರು ಎಂದು ವರದಿ ಮುಗಿಯಿತು. ವಂದನಾರ್ಪಣೆ ಎರಡು ನಿಮಿಷದ ಕೆಲಸ. ತಂಡದವರು ನಡುರಾತ್ರಿಯವರೆಗೆ ನುಡಿಸಿರುತ್ತಾರೆ. ಈ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿತು. ನಾಲ್ಕಕ್ಕಿಂತ ಹೆಚ್ಚಾದರೆ ಕತ್ತರಿ ತಮ್ಮ ಕೈಯಲ್ಲೇ ಇದೆ.

ನಾನು ಎಂಬತ್ತರ ದಶಕದಿಂದ ಮಂಡ್ಯ, ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣದ ಸುತ್ತಮುತ್ತ ಬೇಸ್ ಗಿಟಾರ್ ನುಡಿಸಿಕೊಂಡು ಬಂದವನು. ಗಣೇಶನ ಪೆಂಡಾಲು, ಊರಹಬ್ಬ, ಆರತಕ್ಷತೆ, ತಿಂಗಳಿಡೀ ನಡೆಯುವ ನಮ್ಮ ಕಡೆಯ ರಾಜ್ಯೋತ್ಸವ, ಯಾವುದನ್ನೂ ಬಿಟ್ಟವನಲ್ಲ. ಬೇಸ್ ಗಿಟಾರಿಗೆ ನಾಲ್ಕೇ ತಂತಿ. ‘ಸಾರ್, ಎರಡು ತಂತಿ ಕಿತ್ತುಹೋಗಿವೆಯಾ?’ ಎಂದು ಕೇಳದ ಊರಿಲ್ಲ. ಡ್ರಮ್ಸ್ ಪಕ್ಕದಲ್ಲಿ, ದೀಪದ ಬೆಳಕು ಅಷ್ಟಾಗಿ ತಲುಪದ ಕಡೆ ನಮ್ಮ ಜಾಗ. ನಾವು ನುಡಿಸುತ್ತಿರುವವರೆಗೆ ನಾವಿದ್ದೇವೆಂದು ಯಾರಿಗೂ ತಿಳಿಯುವುದಿಲ್ಲ. ಕೇಬಲ್ ಕಳಚಿ ಶಬ್ದ ನಿಂತಾಗ ಮಾತ್ರ ಗಾಯಕರು ಹಿಂದಿರುಗಿ ನೋಡುತ್ತಾರೆ.

ಈ ಪತ್ರವನ್ನು ಪ್ರಕಟಿಸುವುದಾದರೆ ದಯವಿಟ್ಟು ನನ್ನ ಹೆಸರನ್ನು ಹಾಕಬೇಡಿ. ಹೆಸರುಗಳ ಪರವಾಗಿ ಬರೆದು ಹೆಸರು ಬೇಡವೆನ್ನುವುದು ವಿಚಿತ್ರವಾಗಿ ಕಾಣಬಹುದು. ಆದರೆ ‘ತನ್ನ ಹೆಸರು ಪೇಪರಿನಲ್ಲಿ ಬರಲಿ ಎಂದೇ ಇಷ್ಟು ಉದ್ದ ಬರೆದಿದ್ದಾನೆ’ ಎನ್ನುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರ ಬಾಯಿಗೆ ನಾನೇಕೆ ಬೀಳಲಿ?

ನನಗೆ ಈ ಹೆಸರಿನ ಗೀಳು ಹತ್ತಿದ್ದು ಮೈಸೂರಿನಲ್ಲಿ. ಸರಸ್ವತಿಪುರಂನಲ್ಲಿ ನಮ್ಮ ಕೀಬೋರ್ಡ್ ವಾದಕ ಮಿತ್ರರ ಮನೆಯ ಮಹಡಿಯಲ್ಲಿ ಒಂದು ಕೋಣೆ, ಹಳೆಯ ಎಲ್‌ಪಿ ತಟ್ಟೆಗಳು, ಒಳ್ಳೆಯ ಎರಡು ಸ್ಪೀಕರುಗಳು. ಬಿಡುವಿನ ಭಾನುವಾರಗಳಲ್ಲಿ ನಾವು ಕೆಲವರು ಅಲ್ಲಿ ಸೇರುತ್ತೇವೆ. ಮೃದಂಗ ಕಲಿಸುವ ಮೇಷ್ಟರೊಬ್ಬರು, ಧ್ವನಿವರ್ಧಕ ಬಾಡಿಗೆಗೆ ಕೊಡುವವರೊಬ್ಬರು, ಅಂಚೆ ಇಲಾಖೆಯಿಂದ ನಿವೃತ್ತರಾದವರೊಬ್ಬರು, ಬೇಸ್ ಕಲಿಯುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು. ನಾನು ಮಂಡ್ಯದಿಂದ ಮೆಮು ರೈಲು ಹತ್ತಿ ಹೋಗುತ್ತೇನೆ. ನಾವು ಕೇಳುವುದು ಹೆಚ್ಚಾಗಿ ಅಮೆರಿಕದ ಕಪ್ಪು ಜನರ ಸಂಗೀತ: ಸೋಲ್, ಫಂಕ್, ಜಾಝ್. ನಾನು ಅದಕ್ಕೆ ಮರುಳಾದದ್ದಕ್ಕೆ ಕಾರಣ ಸರಳ. ಅದರಲ್ಲಿ ಬೇಸ್ ಕಿವಿಗೆ ಬೀಳುತ್ತದೆ. ಬೀಳುತ್ತದೆ ಎಂದರೆ ಸಾಲದು, ಅನೇಕ ಕಡೆ ಹಾಡನ್ನು ಹೊತ್ತು ನಡೆಯುವುದೇ ಅದು.

ಆ ಕೋಣೆಯಲ್ಲಿ ಒಂದು ನಿಯಮವಿದೆ. ಯಾರೇ ಹೊಸದಾಗಿ ಕಂಡುಕೊಂಡ ಹಾಡು ತಂದರೂ ಹಾಡಿದವರ ಹೆಸರು ಹೇಳಿದರೆ ಮುಗಿಯುವುದಿಲ್ಲ. ಬೇಸ್ ಯಾರದು, ಡ್ರಮ್ಸ್ ಯಾರದು, ಊದಿದವರು ಯಾರು ಎಂದು ಹೇಳಿದ ಮೇಲೆಯೇ ಸೂಜಿ ತಟ್ಟೆಗೆ ಇಳಿಯುವುದು. ಮೊದಮೊದಲು ಇದು ತಲೆನೋವೆನಿಸಿತ್ತು. ಆಮೇಲೆ ತಿಳಿಯಿತು, ಹೊಸ ಸಂಗೀತಕ್ಕೆ ಕರೆದೊಯ್ಯುವ ದಾರಿಯೇ ಅದು. ಗಾಯಕರ ಹೆಸರು ಹಿಡಿದು ಹೋದರೆ ಅದೇ ಗಾಯಕರ ಇನ್ನೊಂದು ತಟ್ಟೆ ಸಿಗುತ್ತದೆ. ಪಕ್ಕವಾದ್ಯದವರ ಹೆಸರು ಹಿಡಿದು ಹೋದರೆ ನೀವು ಊಹಿಸದ ಕಡೆಗೆಲ್ಲ ಹೋಗುತ್ತೀರಿ.

ಜೇಮ್ಸ್ ಜಾಮರ್ಸನ್ ಎಂಬ ಹೆಸರನ್ನು ತಮ್ಮ ಓದುಗರಲ್ಲಿ ಎಷ್ಟು ಮಂದಿ ಕೇಳಿದ್ದಾರೆಯೋ ಕಾಣೆ. ಅವರ ಕೈಕೆಲಸವನ್ನು ಮಾತ್ರ ಲೋಕವೆಲ್ಲ ಕೇಳಿದೆ. ಬೆರಿ ಗಾರ್ಡಿ ಎಂಬವರು 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಡೆಟ್ರಾಯಿಟ್ ನಗರದಲ್ಲಿ ಒಂದು ಧ್ವನಿಮುದ್ರಣ ಕಂಪನಿ ತೆರೆದರು. ಅದೇ ಮೋಟೌನ್. ವಾಸದ ಮನೆಯೊಂದನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಸ್ಟೀವಿ ವಂಡರ್, ಮಾರ್ವಿನ್ ಗೇ, ಟೆಂಪ್ಟೇಷನ್ಸ್, ಫೋರ್ ಟಾಪ್ಸ್, ಸುಪ್ರೀಮ್ಸ್, ಎಲ್ಲರೂ ಬೆಳೆದದ್ದು ಅಲ್ಲಿಂದ. ಹಾಡುವವರು ಬದಲಾಗುತ್ತಿದ್ದರು, ಹಿಂದೆ ನುಡಿಸುವವರು ಬಹುತೇಕ ಅವರೇ. ತಮ್ಮನ್ನು ತಾವು ಫಂಕ್ ಬ್ರದರ್ಸ್ ಎಂದು ಕರೆದುಕೊಳ್ಳುತ್ತಿದ್ದ ಈ ವಾದಕರು ರಾತ್ರಿ ಕ್ಲಬ್ಬುಗಳಲ್ಲಿ ಜಾಝ್ ನುಡಿಸಿ, ಹಗಲು ಸ್ಟುಡಿಯೋಗೆ ಬರುತ್ತಿದ್ದರು. ಅವರಲ್ಲಿ ಬೇಸ್ ನುಡಿಸುತ್ತಿದ್ದವರು ಜಾಮರ್ಸನ್. ಬಲಗೈಯ ತೋರುಬೆರಳೊಂದರಿಂದಲೇ ತಂತಿ ಮೀಟುತ್ತಿದ್ದರು. ತಂತಿಯನ್ನು ತುಂಡಾಗುವವರೆಗೂ ಬದಲಿಸುತ್ತಿರಲಿಲ್ಲ. (ನಮ್ಮಲ್ಲಿಯೂ ಬದಲಿಸದವರಿದ್ದಾರೆ, ದುಡ್ಡಿಲ್ಲದೆ.) ಟೆಂಪ್ಟೇಷನ್ಸ್ ಹಾಡಿದ 1964ರ ‘ಮೈ ಗರ್ಲ್’ನ ಆರಂಭವನ್ನು ನೆನಪಿಸಿಕೊಳ್ಳಿ. ಮೊದಲು ಕೇಳುವುದೇ ಬೇಸ್, ಅದರ ಮೇಲೆ ಗಿಟಾರ್ ಮೆಟ್ಟಿಲು ಹತ್ತಿದಂತೆ ಬರುತ್ತದೆ, ಗಾಯಕ ಬರುವುದು ಆಮೇಲೆ. ಆ ಗಿಟಾರ್ ರಾಬರ್ಟ್ ವೈಟ್ ಅವರದು.

ಅರವತ್ತರ ದಶಕವಿಡೀ ಆ ಕಂಪನಿಯ ಹಾಡಿನ ತಟ್ಟೆಗಳ ಮೇಲೆ ಈ ವಾದಕರ ಹೆಸರು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಅವು ಅಚ್ಚಾದದ್ದು 1971ರಲ್ಲಿ, ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಹೊದಿಕೆಯ ಮೇಲೆ. ಆ ಶೀರ್ಷಿಕೆ ಗೀತೆಗೆ ಜಾಮರ್ಸನ್‌ರನ್ನು ಕ್ಲಬ್ಬೊಂದರಿಂದ ಹುಡುಕಿ ಕರೆತಂದರೆಂದೂ ಅವರು ನೆಲದ ಮೇಲೆ ಮಲಗಿಕೊಂಡೇ ನುಡಿಸಿದರೆಂದೂ ಹೇಳುತ್ತಾರೆ. ನಿಜವಿರಲಿ ಬಿಡಲಿ, ನುಡಿಸಿರುವುದನ್ನು ಕೇಳಿದರೆ ನಂಬಬೇಕೆನಿಸುತ್ತದೆ. ಮರುವರ್ಷ ಕಂಪನಿ ಲಾಸ್ ಏಂಜಲೀಸ್‌ಗೆ ಹೊರಟುಹೋಯಿತು. ಜಾಮರ್ಸನ್ 1983ರಲ್ಲಿ ತೀರಿಕೊಂಡರು. ಈ ವಾದಕರ ಬಗ್ಗೆ 2002ರಲ್ಲಿ ಒಂದು ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಬರುವ ಒಂದು ಪ್ರಸಂಗವನ್ನು ನಾನು ಎಷ್ಟೋ ವಾದ್ಯಗೋಷ್ಠಿಯ ಗೆಳೆಯರಿಗೆ ಹೇಳಿದ್ದೇನೆ. ರಾಬರ್ಟ್ ವೈಟ್ ಹೋಟೆಲೊಂದರಲ್ಲಿ ಕುಳಿತಿದ್ದಾಗ ಸ್ಪೀಕರಿನಲ್ಲಿ ‘ಮೈ ಗರ್ಲ್’ ಬರುತ್ತದೆ. ಎದುರು ನಿಂತ ಮಾಣಿಗೆ, ಅದು ನಾನೇ ನುಡಿಸಿದ್ದು ಎಂದು ಹೇಳಲು ಹೊರಟು, ಈ ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡಾನೆಂದು ಸುಮ್ಮನಾಗಿಬಿಡುತ್ತಾರೆ. ಇದನ್ನು ಹೇಳಿದಾಗ ನಮ್ಮವರು ಯಾರೂ ನಗುವುದಿಲ್ಲ.

ಫಂಕ್ ಕಡೆಗೆ ಬಂದರೆ ಕಥೆ ಇನ್ನೂ ಸ್ವಾರಸ್ಯವಾಗುತ್ತದೆ. ಗಾಯಕ ಜೇಮ್ಸ್ ಬ್ರೌನ್ ತಮ್ಮ ವಾದಕರ ಹೆಸರನ್ನು ಹಾಡಿನ ಮಧ್ಯದಲ್ಲೇ ಕೂಗಿ ಕರೆಯುತ್ತಿದ್ದ ಮನುಷ್ಯ. 1967ರ ‘ಕೋಲ್ಡ್ ಸ್ವೆಟ್’ನಲ್ಲಿ ‘ಮೇಸಿಯೋ’ ಎಂದು ಕೂಗುತ್ತಾರೆ, ಮೇಸಿಯೋ ಪಾರ್ಕರ್ ಸ್ಯಾಕ್ಸೊಫೋನ್ ಎತ್ತಿಕೊಳ್ಳುತ್ತಾರೆ. ಡ್ರಮ್ಸ್‌ನವರಿಗೂ ಅವಕಾಶ ಕೊಡಿ ಎಂದು ಅದೇ ಹಾಡಿನಲ್ಲಿ ಹೇಳುತ್ತಾರೆ. ಅವರೇ ಸ್ವರ ತಪ್ಪಿದವರಿಗೆ, ಬೂಟಿಗೆ ಪಾಲಿಶ್ ಹಾಕದವರಿಗೆ ದಂಡ ಹಾಕುತ್ತಿದ್ದರು. ನಮ್ಮ ಹಳೆಯ ವಾದ್ಯಗೋಷ್ಠಿಯ ಯಜಮಾನರೊಬ್ಬರು ನೆನಪಾಗುತ್ತಾರೆ, ಆದರೆ ಅದು ಬೇರೆ ವಿಷಯ. ಬ್ರೌನ್ ತಾಳದ ಮೊದಲ ಪೆಟ್ಟಿಗೆ ಕೊಡುತ್ತಿದ್ದ ಒತ್ತು ಕೇಳಿ ನಮ್ಮ ಮೃದಂಗದ ಮೇಷ್ಟರು, ‘ಏನು ಬೇಕಾದರೂ ಮಾಡು, ಸಮಕ್ಕೆ ಬಂದು ಬೀಳು ಎನ್ನುತ್ತಾನೆ, ಇವನು ನಮ್ಮವನೇ’ ಎಂದರು. ಅವರಿಂದ ಅಷ್ಟು ಹೊಗಳಿಕೆ ಪಡೆಯುವುದು ಸುಲಭವಲ್ಲ.

1969ರ ನವೆಂಬರಿನಲ್ಲಿ ಧ್ವನಿಮುದ್ರಣವಾಗಿ ಮರುವರ್ಷ ಹೊರಬಂದ ‘ಫಂಕಿ ಡ್ರಮ್ಮರ್’ ಎಂಬ ತಟ್ಟೆಯಿದೆ. ಅದರಲ್ಲಿ ಬ್ರೌನ್ ಡ್ರಮ್ಸ್‌ನವರಿಗೆ, ತನಿ ನುಡಿಸಬೇಕಿಲ್ಲ, ಈಗ ನುಡಿಸುತ್ತಿರುವುದನ್ನೇ ಹಿಡಿದಿಟ್ಟುಕೋ ಎನ್ನುತ್ತಾರೆ. ಉಳಿದವರೆಲ್ಲ ನಿಲ್ಲಿಸುತ್ತಾರೆ. ಒಂಟಿ ಡ್ರಮ್ಸ್ ಕೆಲವೇ ಕ್ಷಣ ನಡೆಯುತ್ತದೆ. ಎಂಬತ್ತರ ದಶಕದಲ್ಲಿ ಹಿಪ್‌ಹಾಪ್‌ನವರು ಆ ತುಣುಕನ್ನು ಕತ್ತರಿಸಿ, ಸುತ್ತಿ, ಮತ್ತೆ ಮತ್ತೆ ಬಳಸಿದರು. ಅದನ್ನು ಹೊತ್ತ ಹಾಡುಗಳು ನೂರಾರು. ನುಡಿಸಿದವರು ಕ್ಲೈಡ್ ಸ್ಟಬಲ್‌ಫೀಲ್ಡ್. ಹಾಡಿನ ಹಕ್ಕು ಬ್ರೌನ್ ಹೆಸರಿನಲ್ಲಿತ್ತು, ಹಾಗಾಗಿ ಈ ಬಳಕೆಯ ರಾಯಧನ ಕ್ಲೈಡ್ ಕೈಸೇರಲಿಲ್ಲ. ಕ್ಯಾನ್ಸರ್ ಬಂದಾಗ ಅವರ ಆಸ್ಪತ್ರೆಯ ಖರ್ಚಿಗೆ ಗಾಯಕ ಪ್ರಿನ್ಸ್ ಗುಟ್ಟಾಗಿ ನೆರವಾಗಿದ್ದರೆಂದು 2016ರಲ್ಲಿ ಪ್ರಿನ್ಸ್ ತೀರಿಕೊಂಡ ಮೇಲೆ ತಿಳಿಯಿತು. ಮರುವರ್ಷ ಕ್ಲೈಡ್ ಕೂಡ ಹೋದರು. ನಮ್ಮ ಗಣೇಶನ ಮೆರವಣಿಗೆಯ ಡಿಜೆ ಪೆಟ್ಟಿಗೆಗಳಿಂದ ಬರುವ ಲಯಗಳಲ್ಲಿಯೂ ಆ ಮನುಷ್ಯನ ಕೈಯ ನೆರಳಿದೆ ಎಂದೇ ನನ್ನ ಕಿವಿ ಹೇಳುತ್ತದೆ.

ಹೆಸರಿನ ಬೆನ್ನು ಹತ್ತುವುದು ಎಂದೆನಲ್ಲ, ಅದಕ್ಕೆ ಬೂಟ್ಸಿ ಕಾಲಿನ್ಸ್ ಒಳ್ಳೆಯ ಉದಾಹರಣೆ. 1970ರಲ್ಲಿ ಹದಿಹರೆಯದ ಹುಡುಗನಾಗಿ ಬ್ರೌನ್ ತಂಡಕ್ಕೆ ಬೇಸ್ ನುಡಿಸಲು ಬಂದ, ಒಂದು ವರ್ಷ ತುಂಬುವ ಹೊತ್ತಿಗೆ ಬಿಟ್ಟುಹೋದ. ಎಲ್ಲಿಗೆ ಹೋದ ಎಂದು ಹುಡುಕಿದರೆ ಜಾರ್ಜ್ ಕ್ಲಿಂಟನ್ ಅವರ ಪಾರ್ಲಿಮೆಂಟ್ ತಂಡ ಸಿಗುತ್ತದೆ, 1975ರ ‘ಮದರ್‌ಶಿಪ್ ಕನೆಕ್ಷನ್’ ಸಿಗುತ್ತದೆ. ಆ ತಟ್ಟೆಯ ಹೊದಿಕೆ ತಿರುಗಿಸಿ ನೋಡಿದರೆ ಅಲ್ಲಿ ಮೇಸಿಯೋ ಪಾರ್ಕರ್ ಕೂಡ ಇದ್ದಾರೆ, ಟ್ರೊಂಬೋನಿನ ಫ್ರೆಡ್ ವೆಸ್ಲಿ ಕೂಡ! ದಂಡ ತಾಳಲಾರದೆ ಎಲ್ಲರೂ ಗುಳೆ ಹೋದರೇನೋ ಎಂದು ನಮ್ಮ ಅಂಚೆಯವರು ನಕ್ಕರು. ಹಾಡಿನ ಧಾಟಿಯೇ ಬೇರೆ, ಬಾಹ್ಯಾಕಾಶ ನೌಕೆ, ಬಣ್ಣದ ವೇಷ. ಆದರೆ ಮೊದಲ ಪೆಟ್ಟು ಅದೇ ಜಾಗದಲ್ಲಿ ಬೀಳುತ್ತದೆ.

ಓಟಿಸ್ ರೆಡ್ಡಿಂಗ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮೆಂಫಿಸ್ ನಗರದಲ್ಲಿ ಹಳೆಯ ಚಿತ್ರಮಂದಿರವೊಂದನ್ನು ಸ್ಟುಡಿಯೋ ಮಾಡಿಕೊಂಡಿದ್ದ ಸ್ಟ್ಯಾಕ್ಸ್ ಕಂಪನಿಯ ಗಾಯಕ. ಇಳಿಜಾರಿನ ನೆಲವನ್ನು ಹಾಗೆಯೇ ಬಿಟ್ಟಿದ್ದರಂತೆ, ಆ ಶಬ್ದಕ್ಕೆ ಅದೂ ಒಂದು ಕಾರಣ. 1967ರ ಡಿಸೆಂಬರ್ 10ರಂದು ವಿಸ್ಕಾನ್ಸಿನ್‌ನ ಮೊನೋನಾ ಸರೋವರಕ್ಕೆ ಅವರ ವಿಮಾನ ಬಿತ್ತು. ಗಾಯಕ ಓಟಿಸ್ ರೆಡ್ಡಿಂಗ್ ಮತ್ತು ತಂಡದವರು ಮೃತಪಟ್ಟರು ಎಂದು ಇಂದಿಗೂ ಬರೆಯುತ್ತಾರೆ. ಆ ತಂಡಕ್ಕೆ ಬಾರ್-ಕೇಸ್ ಎಂದು ಹೆಸರು. ಸತ್ತವರು ಜಿಮ್ಮಿ ಕಿಂಗ್, ರಾನಿ ಕಾಲ್ಡ್‌ವೆಲ್, ಫೇಲನ್ ಜೋನ್ಸ್, ಕಾರ್ಲ್ ಕನ್ನಿಂಗ್‌ಹ್ಯಾಮ್. ಎಲ್ಲರೂ ಮೀಸೆ ಮೂಡುವ ವಯಸ್ಸಿನವರು. ವಿಮಾನದಲ್ಲಿದ್ದವರಲ್ಲಿ ಬದುಕಿ ಬಂದದ್ದು ಟ್ರಂಪೆಟ್ ಊದುತ್ತಿದ್ದ ಬೆನ್ ಕಾಲಿ ಒಬ್ಬರೇ. ರಾತ್ರಿ ಕಾರ್ಯಕ್ರಮ ಮುಗಿಸಿ ಟೆಂಪೊದಲ್ಲಿ ಸ್ಪೀಕರುಗಳ ನಡುವೆ ಮುದುಡಿ ಮಲಗಿ ಊರಿಗೆ ಬಂದವನಾದ ನನಗೆ ಆ ನಾಲ್ಕು ಹೆಸರುಗಳು ಮರೆಯುವುದಿಲ್ಲ.

ಜಾಝ್‌ನವರು ಈ ವಿಷಯದಲ್ಲಿ ಮೊದಲಿನಿಂದಲೂ ಮರ್ಯಾದಸ್ಥರು. ಹೊದಿಕೆಯ ಮೇಲೆ ನುಡಿಸಿದ ಪ್ರತಿಯೊಬ್ಬರ ಹೆಸರೂ ವಾದ್ಯವೂ ಇರುತ್ತದೆ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ 1959ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಹಿಂದಿನ ಚರ್ಚ್ ಕಟ್ಟಡವೊಂದರಲ್ಲಿ ಧ್ವನಿಮುದ್ರಣವಾಯಿತು. ಪಿಯಾನೊ ನುಡಿಸಿದ ವಿಂಟನ್ ಕೆಲಿ ಇರುವುದು ಒಂದೇ ಒಂದು ರಚನೆಯಲ್ಲಿ, ಅದನ್ನೂ ದಾಖಲಿಸಿದ್ದಾರೆ. ಮೊದಲ ರಚನೆ ‘ಸೋ ವಾಟ್’ನಲ್ಲಿ ಧಾಟಿಯನ್ನು ಎತ್ತಿಕೊಳ್ಳುವುದು ಟ್ರಂಪೆಟ್ ಅಲ್ಲ, ಪಾಲ್ ಚೇಂಬರ್ಸ್ ಅವರ ಬೇಸ್. ಬೇಸ್ ಒಂದು ಮಾತು ಕೇಳುತ್ತದೆ, ಉಳಿದವರು ಎರಡೇ ಸ್ವರಗುಚ್ಛದಲ್ಲಿ ಉತ್ತರ ಕೊಡುತ್ತಾರೆ. ಆ ಭಾನುವಾರ ನಾನು ಅದನ್ನೇ ಮತ್ತೆ ಹಾಕಿ ಎಂದು ಹಟ ಹಿಡಿದೆ, ಬೇರೆಯವರ ಸರದಿ ತಪ್ಪಿಹೋಯಿತು.

ಅದೇ ವರ್ಷದ ‘ಟೇಕ್ ಫೈವ್’ ಹಾಕಿದಾಗ ಮೇಷ್ಟರು ಮೊದಲ ಆವರ್ತಕ್ಕೇ ‘ಐದು’ ಎಂದು ತೊಡೆಯ ಮೇಲೆ ತಾಳ ಹಿಡಿದರು. ಐದೆಣಿಕೆಯ ನಮ್ಮ ಖಂಡಚಾಪು ತಾಳ ಎರಡು–ಮೂರು, ಇವರದು ಮೂರು–ಎರಡು ಎಂದೂ ಗುರುತಿಸಿದರು. ಎಲ್ಲರೂ ಅದನ್ನು ಪಿಯಾನೊ ವಾದಕ ಡೇವ್ ಬ್ರೂಬೆಕ್ ಹಾಡು ಎನ್ನುತ್ತಾರೆ. ರಚಿಸಿದವರು ಅವರ ತಂಡದ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್. ಅದರ ಆದಾಯವನ್ನು ಅವರು ಅಮೆರಿಕದ ರೆಡ್ ಕ್ರಾಸ್‌ಗೆ ಬರೆದಿಟ್ಟು 1977ರಲ್ಲಿ ತೀರಿಕೊಂಡರು. ನನಗೆ ಇನ್ನೂ ದೊಡ್ಡದೆನಿಸುವುದು ಬೇಸ್ ನುಡಿಸುತ್ತಿದ್ದ ಯುಜೀನ್ ರೈಟ್ ಅವರ ಸಂಗತಿ. ಆ ತಂಡದ ನಾಲ್ವರಲ್ಲಿ ಕಪ್ಪು ಜನಾಂಗದವರು ಅವರೊಬ್ಬರೇ. 1960ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಕಾಲೇಜುಗಳು ಅವರನ್ನು ಬಿಟ್ಟು ಬಿಳಿಯ ವಾದಕನನ್ನು ಕರೆತನ್ನಿ ಎಂದವು. ಬ್ರೂಬೆಕ್ ಒಪ್ಪಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಕಾರ್ಯಕ್ರಮಗಳು ರದ್ದಾದವು. ಬೇಸ್ ಯಾರು ನುಡಿಸಿದರೇನು ಎನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

ನಮ್ಮ ಗುಂಪಿನ ಹುಡುಗಿ ತಂದ ಹೆಸರು ಕ್ಯಾರಲ್ ಕೇ. 1935ರಲ್ಲಿ ಹುಟ್ಟಿದ ಈ ಮಹಿಳೆ ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಜಾಝ್ ಗಿಟಾರಿನಿಂದ ಬೇಸ್ ಕಡೆಗೆ ಹೊರಳಿ ಸಾವಿರಾರು ಧ್ವನಿಮುದ್ರಣಗಳಿಗೆ ನುಡಿಸಿದವರು. 2025ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನವರು ಗೌರವ ಘೋಷಿಸಿದಾಗ ತನಗದು ಬೇಡ ಎಂದುಬಿಟ್ಟರು. ‘ನೋಡಿ ಸಾರ್, ಹೆಸರು ಬೇಡವೆನ್ನಬೇಕಾದರೂ ಮೊದಲು ಯಾರಾದರೂ ಹೆಸರು ಕೇಳಿರಬೇಕು’ ಎಂದಳು ಹುಡುಗಿ. ನಾನು ಉತ್ತರ ಹೇಳದೆ ಕಾಫಿ ಕುಡಿದೆ.

ಇದೆಲ್ಲ ಸಮುದ್ರದಾಚೆಯ ಮಾತು, ಮಂಡ್ಯದವನಿಗೇಕೆ ಎನ್ನಬಹುದು. ಹೆಸರು ಹಿಡಿದು ಹೋದರೆ ಆ ದಾರಿ ಮನೆಗೂ ಬರುತ್ತದೆ. ಬೆಂಗಳೂರಿನಲ್ಲಿ 1964ರಲ್ಲಿ ಆರಂಭವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರು ಚಾರ್ಲಿ ಮರಿಯಾನೊ ಎಂಬ ಅಮೆರಿಕದ ಸ್ಯಾಕ್ಸೊಫೋನ್ ವಾದಕರ ಜೊತೆ ಮಾಡಿದ ‘ಜ್ಯೋತಿ’ ಎಂಬ ತಟ್ಟೆ 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಯಿಂದ ಬಂತು. ರಮಾಮಣಿಯವರ ದನಿ ಮತ್ತು ಆ ಸ್ಯಾಕ್ಸೊಫೋನ್ ಒಂದನ್ನೊಂದು ತಳ್ಳದೆ ನಡೆಯುವುದನ್ನು ಕೇಳಿದ ಮೇಲೆ ಮರಿಯಾನೊ ಇನ್ನೆಲ್ಲಿದ್ದಾರೆಂದು ಹುಡುಕಿದೆವು. 1963ರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ ಎಂಬ ತಟ್ಟೆಯಲ್ಲಿ ಸಿಕ್ಕರು. ಅದರ ನಾಯಕ ಚಾರ್ಲ್ಸ್ ಮಿಂಗಸ್, ಬೇಸ್ ವಾದಕ! ಹೊದಿಕೆಯ ಟಿಪ್ಪಣಿಯ ಒಂದು ಭಾಗವನ್ನು ತನ್ನ ಮನಶ್ಶಾಸ್ತ್ರಜ್ಞರಿಂದ ಬರೆಸಿದ ಮಹಾಶಯ. ಬೆಂಗಳೂರಿನ ಮೃದಂಗದಿಂದ ಮಿಂಗಸ್‌ವರೆಗೆ ನನ್ನನ್ನು ಕರೆದೊಯ್ದದ್ದು ಹೊದಿಕೆಯ ಮೇಲಿನ ಒಂದು ಹೆಸರು, ಅಷ್ಟೆ.

ಕದ್ರಿ ಗೋಪಾಲನಾಥರ ವಿಷಯ ಮೈಸೂರಿಗರಿಗೆ ಗೊತ್ತೇ ಇದೆ. ನಾಗಸ್ವರ ವಾದಕರ ಮಗನಾದ ಅವರು ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಮನಸೋತರು. ವರ್ಷಗಟ್ಟಲೆ ಸಾಧನೆ ಮಾಡಿ ಗಮಕಕ್ಕೆ ಒಗ್ಗದ ಆ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1980ರ ಮುಂಬೈ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ತಾನೂ ಜೊತೆಗೆ ನುಡಿಸುತ್ತೇನೆಂದು ಮುಂದೆ ಬಂದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ವೇದಿಕೆಗೂ ಏರಿದರು. ಹೆಸರು ಕೇಳಿದರೇ ನಮ್ಮ ಕಡೆಯದೆಂದು ತಿಳಿಯುವ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರಿಗೆ ಅಣ್ಣನೊಬ್ಬ ತಮಾಷೆಗೆಂದು ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಕೊಟ್ಟನಂತೆ. ಆ ತಮಾಷೆ ಬೆಳೆದು 2008ರಲ್ಲಿ ಇಬ್ಬರೂ ಸೇರಿ ‘ಕಿನ್ಸ್‌ಮೆನ್’ ಮಾಡಿದರು. ಅದರಲ್ಲಿ ಪಿಟೀಲು ಎ. ಕನ್ಯಾಕುಮಾರಿ, ಮೃದಂಗ ಪೂವಲೂರ್ ಶ್ರೀಜಿ, ಗಿಟಾರ್ ರೆಝ್ ಅಬ್ಬಾಸಿ.

ಈ ಸರಪಳಿಯ ಮೊದಲ ಕೊಂಡಿ ಯಾರು? ಆ ದಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದಿದ ಮನುಷ್ಯ. ಗೋಪಾಲನಾಥರ ಬಗ್ಗೆ ನಾನು ಓದಿದ ಯಾವ ಲೇಖನದಲ್ಲಿಯೂ ಅವರ ಹೆಸರಿಲ್ಲ. ‘ಅರಮನೆಯ ಬ್ಯಾಂಡಿನವರು’ ಎಂದಿದೆ. ಮೈಸೂರಿನ ಯಾವುದೋ ಬೀದಿಯಲ್ಲಿ ಅವರ ಮೊಮ್ಮಕ್ಕಳಿರಬಹುದು. ತಮ್ಮ ಅಜ್ಜನ ಊದುವಿಕೆಯಿಂದ ಏನೆಲ್ಲ ನಡೆಯಿತೆಂದು ಅವರಿಗೆ ಗೊತ್ತಿದೆಯೇ?

ಸಿನಿಮಾ ಸಂಗೀತದ ಕಥೆ ಹೇಳಹೋದರೆ ಪತ್ರ ಮುಗಿಯದು. ಹಿಂದಿ ಚಿತ್ರಗೀತೆಗಳಿಗೆ ಜಾಝ್ ಬಣ್ಣ ತಂದವರು ಗೋವಾದ ವಾದಕರು. 1977ರ ಹಾಡೊಂದರಿಂದ ಆಂಥೊನಿ ಗೊನ್ಸಾಲ್ವಿಸ್ ಎಂಬ ಹೆಸರು ಮಕ್ಕಳ ಬಾಯಲ್ಲೂ ನಿಂತಿತು. ಅದು ಲಕ್ಷ್ಮೀಕಾಂತ್–ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್‌ಗೆ ಪಿಟೀಲು ಕಲಿಸಿದ ಗುರುವಿನ ಹೆಸರೆಂದು ತಿಳಿದವರು ಕಡಿಮೆ. ನಮ್ಮ ಮೈಸೂರಿನವರೇ ಆದ ರಾಜನ್–ನಾಗೇಂದ್ರ ಅವರ ಎಪ್ಪತ್ತರ ದಶಕದ ಹಾಡುಗಳಲ್ಲಿ ಎಂಥ ಬೇಸ್ ಇದೆ ಎಂಬುದನ್ನು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ನಾನು ಅವನ್ನು ನಕಲು ಮಾಡಿಯೇ ಬೇಸ್ ಕಲಿತವನು. ಕ್ಯಾಸೆಟ್ಟಿನ ಕಾಗದದ ಮೇಲೆ ಸಾಹಿತ್ಯ, ಸಂಗೀತ, ಗಾಯಕರು ಎಂದಷ್ಟೇ ಇತ್ತು. ನನ್ನ ಗುರು ಯಾರೆಂದು ನನಗೇ ಹೇಳಲಾಗದ ಸ್ಥಿತಿ. ಈಗ ಮೊಬೈಲ್ ಆ್ಯಪ್‌ಗಳಲ್ಲಿ ಅಷ್ಟೂ ಇರುವುದಿಲ್ಲ, ನಾಯಕನಟನ ಭಾವಚಿತ್ರವಿರುತ್ತದೆ. ವಾದ್ಯಗೋಷ್ಠಿಯಲ್ಲಿಯೂ ಅರ್ಧ ಕಡೆ ಕರೋಕೆ ಟ್ರ್ಯಾಕ್ ಹಾಕಿ ಹಾಡುತ್ತಾರೆ. ಆ ಟ್ರ್ಯಾಕನ್ನೂ ಯಾರೋ ನುಡಿಸಿರುತ್ತಾರೆ, ಸ್ವಾಮಿ.

ಇದು ನಮ್ಮಲ್ಲಿ ಆಗದ ಕೆಲಸವೇನಲ್ಲ. ತಮ್ಮ ಪತ್ರಿಕೆಯಲ್ಲೇ ಶಾಸ್ತ್ರೀಯ ಸಂಗೀತ ಕಛೇರಿಯ ವರದಿ ಬಂದಾಗ ಪಿಟೀಲು, ಮೃದಂಗ, ಘಟ, ಖಂಜೀರ ನುಡಿಸಿದವರ ಹೆಸರು ಒಂದೂ ಬಿಡದೆ ಇರುತ್ತದೆ. ‘ಮತ್ತು ಪಕ್ಕವಾದ್ಯದವರು’ ಎಂದು ಬರೆದರೆ ಮರುದಿನ ತಮಗೆ ಎಷ್ಟು ಫೋನ್ ಬರುತ್ತದೆಯೋ! ಅದನ್ನೂ ಬಿಡಿ, ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುತ್ತಾರಲ್ಲ, ಅದರ ಕರಪತ್ರ ನೋಡಿ. ದುರ್ಯೋಧನನಿಂದ ಹಿಡಿದು ದ್ವಾರಪಾಲಕನವರೆಗೆ ಫೋಟೋ ಸಮೇತ ಹೆಸರಿರುತ್ತದೆ. ಹಾರ್ಮೋನಿಯಂ ಮೇಷ್ಟರು, ಕ್ಲಾರಿಯೊನೆಟ್, ತಬಲ, ಸೀನರಿಯವರು, ಧ್ವನಿವರ್ಧಕದವರು, ಎಲ್ಲರೂ ಇರುತ್ತಾರೆ. ಕೆರಗೋಡಿನ ಕಡೆಯ ಒಂದು ಹಳ್ಳಿಯ ಅಚ್ಚುಕೂಟಕ್ಕೆ ಇರುವ ಜಾಗ ದಿನಪತ್ರಿಕೆಗೆ ಇಲ್ಲವೆಂದರೆ ಹೇಗೆ?

ಸಿನಿಮಾ ಹಾಡು ನುಡಿಸುವವರು ನಕಲು ಮಾಡುವವರು, ಅವರಿಗೇಕೆ ಹೆಸರು ಎಂದು ಒಮ್ಮೆ ಒಬ್ಬರು ಮುಖದ ಮೇಲೇ ಹೇಳಿದರು. ನುಡಿಸಿ ನೋಡಲಿ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ 38ಬಿ ಕಲಂ, ಪ್ರದರ್ಶನ ನೀಡಿದವರಿಗೆ ಅದು ತಮ್ಮದೆಂದು ಗುರುತಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಅದರಲ್ಲಿ ಶಾಸ್ತ್ರೀಯ, ಸಿನಿಮಾ ಎಂಬ ಭೇದ ಓದಿದ ನೆನಪಿಲ್ಲ. ಹಾಗೆಂದು ನಾವು ಯಾರ ಮೇಲೂ ದಾವೆ ಹೂಡುವವರಲ್ಲ. ಕಾಯ್ದೆ ಬಲ್ಲವರು ಗುಂಪಿನಲ್ಲೊಬ್ಬರಿದ್ದಾರೆ, ಅವರು ಹೇಳಿದ್ದನ್ನು ಬರೆದೆ.

ನನ್ನ ಕೋರಿಕೆ ಇಷ್ಟೇ. ವಾದ್ಯಗೋಷ್ಠಿಯ ವರದಿಯಲ್ಲಿ ಒಂದು ಸಾಲು ಕೊಡಿ: ಕೀಬೋರ್ಡ್ ಇಂಥವರು, ರಿದಂ ಪ್ಯಾಡ್ ಇಂಥವರು, ತಬಲ ಇಂಥವರು, ಬೇಸ್ ಇಂಥವರು. ಐದಾರು ಹೆಸರು. ಜಾಗ ಸಾಲದಿದ್ದರೆ ‘ಮತ್ತಿತರರು ಉಪಸ್ಥಿತರಿದ್ದರು’ ಎಂಬುದನ್ನು ತೆಗೆಯಿರಿ, ಮತ್ತಿತರರು ಬೇಸರಪಡಲಾರರು. ತಮ್ಮ ವರದಿಗಾರರಿಗೆ ಹೆಚ್ಚಿನ ಕೆಲಸವಾಗದಂತೆ ನೋಡಿಕೊಳ್ಳುವ ಹೊಣೆ ನಮ್ಮದು. ಮಂಡ್ಯ, ಮೈಸೂರಿನ ಕೆಲವು ತಂಡಗಳವರ ಜೊತೆ ಮಾತನಾಡಿದ್ದೇನೆ. ನವೆಂಬರಿನಿಂದ ಕಾರ್ಯಕ್ರಮಕ್ಕೆ ಮೊದಲೇ ಹೆಸರುಗಳ ಚೀಟಿಯನ್ನು ನಿರೂಪಕರ ಕೈಗೂ ವರದಿಗಾರರ ವಾಟ್ಸ್‌ಆ್ಯಪ್‌ಗೂ ಕಳುಹಿಸುತ್ತೇವೆ. ಸಾಪ್ತಾಹಿಕ ಪುರವಣಿಯಲ್ಲಿ ಹಳೆಯ ಅರಮನೆ ಬ್ಯಾಂಡಿನವರ, ಚಿತ್ರಗೀತೆಗಳಿಗೆ ನುಡಿಸಿದವರ ಕುಟುಂಬದವರು ತಮ್ಮಲ್ಲಿರುವ ಹೆಸರು, ಫೋಟೋ ಕಳುಹಿಸಲಿ ಎಂದು ಒಂದು ಪ್ರಕಟಣೆ ಹಾಕಿದರೆ ಇನ್ನೂ ಒಳ್ಳೆಯದು. ಗೋಪಾಲನಾಥರು ಕೇಳಿದ ಆ ಸ್ಯಾಕ್ಸೊಫೋನ್ ಯಾರದೆಂದು ಬಲ್ಲ ಹಿರಿಯರು ಈ ಊರಿನಲ್ಲಿ ಇನ್ನೂ ಇರಬಹುದು, ಅವರನ್ನು ಕೇಳಲು ಈಗಲೇ ತಡವಾಗಿದೆ.

ಕೊನೆಯದಾಗಿ ಕಾಗುಣಿತದ ಬಗ್ಗೆ ಒಂದು ಮಾತು. ಚೀಟಿಯಲ್ಲಿ ‘ಬೇಸ್ ಗಿಟಾರ್’ ಎಂದಿದ್ದರೆ ಹಾಗೆಯೇ ಅಚ್ಚು ಮಾಡಿ, ಜಾಗ ಉಳಿಸಲು ‘ಗಿಟಾರ್’ ಎಂದು ಮೊಟಕುಗೊಳಿಸಬೇಡಿ. ಅದು ಬೇರೆ ವಾದ್ಯ, ಅದನ್ನು ನುಡಿಸುವವರು ಜಗಳಕ್ಕೆ ಬರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಬೇಸ್ ಗಿಟಾರ್ ವಾದಕ,
ಮಂಡ್ಯ